ಸಾಸಿವೆಯಷ್ಟು ಪರಮಪ್ರಸಾದ

ಅಮ್ಮನ ನಾಲಿಗೆಯ ಮೇಲೆ ಗುರುಗಳು ಇಟ್ಟ ಪರಮಪ್ರಸಾದ ಅರ್ಧ ನಿಮಿಷದೊಳಗೆ ಹೊರಗೆ ಬಂದು ನನ್ನ ಅಂಗೈಗೆ ಬಿತ್ತು. ಕೆಮ್ಮಿನ ಜೊತೆ, ಜೊಲ್ಲಿನ ಜೊತೆ. ನಾನು ಕೈ ಒಡ್ಡಿದ್ದು ಭಕ್ತಿಯಿಂದಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಅಮ್ಮ ಕೆಮ್ಮಿದಾಗಲೆಲ್ಲ ಗಲ್ಲದ ಕೆಳಗೆ ಕೈ ಒಡ್ಡುವುದು ಅಭ್ಯಾಸವಾಗಿತ್ತು. ಬಿದ್ದದ್ದು ಗಂಜಿಯಲ್ಲ ಎಂದು ಗೊತ್ತಾದ ಕೂಡಲೇ ಕೈ ಅಲ್ಲೇ ನಿಂತುಬಿಟ್ಟಿತು. ಮುಚ್ಚುವ ಹಾಗಿಲ್ಲ, ಕೊಡವುವ ಹಾಗಿಲ್ಲ.

ನಮ್ಮವರಲ್ಲದವರಿಗೆ ಇದರಲ್ಲಿ ಗಾಬರಿಯಾಗುವಂಥದ್ದು ಏನಿದೆ ಅನ್ನಿಸಬಹುದು. ನೋಡಲಿಕ್ಕೆ ಅದು ಗೋದಿ ಹಿಟ್ಟಿನ ಬಿಳಿ ಬಿಲ್ಲೆ, ಕಾಗದದಷ್ಟು ತೆಳ್ಳಗೆ, ನಾಣ್ಯದಷ್ಟು ಅಗಲ. ಪೂಜೆಯಲ್ಲಿ ಗುರುಗಳು ಅರ್ಪಿಸಿದ ಮೇಲೆ ಅದು ಹಿಟ್ಟಲ್ಲ, ಕ್ರಿಸ್ತನ ಶರೀರ ಎಂಬುದು ನಮ್ಮ ನಂಬಿಕೆ. ಒಂದು ಚೂರು ನೆಲಕ್ಕೆ ಬಿದ್ದರೂ ಗುರುಗಳು ಬಗ್ಗಿ ಹೆಕ್ಕುತ್ತಾರೆ. ಅದು ಹಾಸಿಗೆ ಹಿಡಿದ ಮುದುಕಿಯ ಬಾಯಿಂದ ಹೊರಬಿದ್ದು ಮಗನ ಕೈಯಲ್ಲಿ ಕೂತರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ನಂಬಿಕೆ ಎಂದೆ. ನನ್ನ ನಂಬಿಕೆ ಎನ್ನಲು ಆಗ ನನಗೆ ಬಾಯಿ ಬರುತ್ತಿರಲಿಲ್ಲ. ನಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ ಬಂದೂ ಒಳಗೆ ಹೋಗದೆ ಅಂಗಳದ ಹಲಸಿನ ಮರದಡಿ ನಿಲ್ಲುವ ಗಂಡಸರ ಗುಂಪೊಂದಿದೆ. ಮೈಕಿನಲ್ಲಿ ಎಲ್ಲ ಕೇಳುತ್ತದೆ, ಕಾಲು ಚಾಚಿ ನಿಲ್ಲಬಹುದು, ಜೀಪಿನ ಟಯರು, ಮಳೆ, ಮಂಗನ ಕಾಟ ಎಲ್ಲ ಮಾತಾಡಬಹುದು. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಗುರುಗಳ ಪ್ರವಚನದ ಮಧ್ಯೆ ಫೋನು ಬಂತೆಂದು ಎದ್ದು ಹೊರಗೆ ಹೋದವನು ನಾನು ಮತ್ತೆ ಒಳಗೆ ಹೋಗಲಿಲ್ಲ. ಯಾರ ಮೇಲೂ ಸಿಟ್ಟಿರಲಿಲ್ಲ. ಒಂದು ಕಡೆ ಕೂರುವುದೆಂದರೆ ನನಗೆ ಹುಟ್ಟಾ ಆಗಿಬರದು. ಎಸ್ಟೇಟಿನ ರೈಟರ್ ಕೆಲಸಕ್ಕೆ ಅದೇ ಗುಣ ಬೇಕು. ಬೆಳಿಗ್ಗೆ ಹಾಜರಿ ತೆಗೆದುಕೊಂಡ ಮೇಲೆ ಇಡೀ ದಿನ ತೋಟ ಸುತ್ತುತ್ತಲೇ ಇರಬೇಕು. ಮೊದಲು ಬಲಿಪೀಠದಿಂದ ದೂರವಾದೆ, ಆಮೇಲೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಿಂದ, ಆಮೇಲೆ ಅದಿಲ್ಲದೆ ತೆಗೆದುಕೊಳ್ಳಬಾರದ ಪರಮಪ್ರಸಾದದಿಂದ. ದೂರವಾದದ್ದು ಗೊತ್ತಾಗುವಷ್ಟರಲ್ಲಿ ಹಿಂದೆ ಹೋಗಲು ನಾಚಿಕೆಯಾಗುತ್ತಿತ್ತು.

ಅಮ್ಮನ ಕತೆ ಬೇರೆ. ಪಾರ್ಶ್ವವಾಯು ಹೊಡೆಯುವ ಹಿಂದಿನ ದಿನದವರೆಗೂ ಅವಳು ಎಸ್ಟೇಟ್ ಕ್ವಾರ್ಟರ್ಸಿನಿಂದ ಕಳಸದ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆದು ಬೆಳಗಿನ ಪೂಜೆಗೆ ಹೋಗುತ್ತಿದ್ದಳು. ಹಾಜರಿಯ ಗಂಟೆ ಹೊಡೆಯುವಷ್ಟರಲ್ಲಿ ವಾಪಸು ಬಂದು ಒಲೆ ಮುಂದೆ ಇರುತ್ತಿದ್ದಳು. ಒಮ್ಮೆ ರೇಗಿ ಕೇಳಿದ್ದೆ: "ಜಿಗಣೆ ಕಚ್ಚಿಸ್ಕೊಂಡು ದಿನಾ ಅಲ್ಲಿಗೆ ಹೋಗಿ ಎಂತ ತರ್ತೀಯ ನೀನು?"

"ತರ್ಲಿಕ್ಕಲ್ಲ ಮಾರಾಯ ಹೋಗೋದು, ತಿನ್ಲಿಕ್ಕೆ," ಎಂದಿದ್ದಳು.

ಡಿಸೆಂಬರಿನಲ್ಲಿ ಬಲಗೈ, ಬಲಗಾಲು ಮತ್ತು ಮಾತು ಒಂದೇ ಸಲ ಹೋದವು. ನುಂಗುವುದೂ ಹೋಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಆಹಾರ ಬಿಟ್ಟರು. ಕ್ರಿಸ್ಮಸ್ ಅಲ್ಲೇ ಕಳೆಯಿತು. ಜನವರಿ ಕೊನೆಗೆ ನಳಿಗೆ ತೆಗೆದು, ಗಂಜಿಯ ಹದದ್ದು ಮಾತ್ರ ಕೊಡಿ, ತೆಳು ನೀರು ಬೇಡ, ಗಟ್ಟಿ ತುಂಡು ಬೇಡ, ಶ್ವಾಸಕೋಶಕ್ಕೆ ಹೋದರೆ ಕಷ್ಟ ಎಂದು ಹೇಳಿ ಕಳಿಸಿದರು. ಫೆಬ್ರವರಿಯ ಮೊದಲ ಶುಕ್ರವಾರ ಗುರುಗಳು ಕಾಯಿಲೆಯವರಿಗೆ ಪರಮಪ್ರಸಾದ ಹಿಡಿದು ಬಂದರು. ಎರಡು ತಿಂಗಳ ಮೇಲೆ ಅಮ್ಮನಿಗೆ ಸಿಗುತ್ತಿದ್ದ ಮೊದಲ ಪರಮಪ್ರಸಾದ ಅದು. ಅವಳು ಬೆಳಿಗ್ಗೆಯಿಂದ ಬಾಗಿಲ ಕಡೆಯೇ ನೋಡುತ್ತಿದ್ದಳು. ಗಂಜಿ ಇಳಿಯುತ್ತದೆ, ಇದೂ ಇಳಿದೀತು ಎಂದು ಗುರುಗಳೂ ನಾನೂ ಅಂದುಕೊಂಡೆವು. ಒಣ ಬಿಲ್ಲೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಅಲ್ಲಾಡ್ಬೇಡಿ," ಎಂದರು ಗುರುಗಳು. ಚಿಕ್ಕ ಪ್ರಾಯದವರು, ನಮ್ಮ ಕಡೆಗೆ ಬಂದು ವರ್ಷ ತುಂಬಿರಲಿಲ್ಲ. ಅವರ ಮುಖ ನನ್ನ ಮುಖಕ್ಕಿಂತ ಬಿಳಿಚಿಕೊಂಡಿತ್ತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಶಿಲುಬೆ, ಎರಡು ಮೇಣದ ಬತ್ತಿ, ಅವರು ಬೆರಳು ತೊಳೆಯಲೆಂದು ಒಂದು ಗ್ಲಾಸು ನೀರು ಇಟ್ಟಿದ್ದೆವು. ನನ್ನ ಕೈಯಲ್ಲಿದ್ದುದನ್ನು ಎರಡು ಬೆರಳಲ್ಲಿ ಎತ್ತಿ ಆ ನೀರಿಗೆ ಬಿಟ್ಟರು. ಆಮೇಲೆ ನನ್ನ ಅಂಗೈ ಮೇಲೆ ಸ್ವಲ್ಪ ನೀರು ಸುರಿದು, ಅದೂ ಹನಿ ಬಿಡದೆ ಗ್ಲಾಸಿಗೇ ಬೀಳುವ ಹಾಗೆ ನೋಡಿಕೊಂಡರು.

"ಇದು ಪೂರ್ತಿ ಕರಗ್ಬೇಕು. ಕರಗಿದ್ಮೇಲೆ ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಿ. ಚರಂಡಿಗೆ ಹೋಗ್ಬಾರದು."

"ನೀವೇ ತಗೊಂಡು ಹೋಗಿ ಫಾದರ್."

"ಸಂಸೆ ದಾಟಿ ಇನ್ನೂ ನಾಲ್ಕು ಮನೆಗೆ ಹೋಗ್ಬೇಕು. ಬೈಕಲ್ಲಿ ಗ್ಲಾಸು ಹೇಗೆ ಹಿಡ್ಕೊಳ್ಲಿ?"

"ಕರಗ್ಲಿಕ್ಕೆ ಎಷ್ಟು ಹೊತ್ತು ಬೇಕು?"

"ಗೊತ್ತಿಲ್ಲ. ನಾನೂ ಕಾದು ನೋಡಿಲ್ಲ," ಎಂದರು. ಅವರು ಹಾಗೆ ಒಪ್ಪಿಕೊಂಡದ್ದು ನನಗೆ ಹಿಡಿಸಿತು.

ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. ಮುಂದಿನ ತಿಂಗಳಿಂದ ಬಂದು ಪ್ರಾರ್ಥನೆ ಮಾಡಿ ಆಶೀರ್ವಾದ ಕೊಟ್ಟು ಹೋಗುತ್ತೇನೆ, ಇವರು ಮನಸ್ಸಿನಲ್ಲೇ ಸ್ವೀಕರಿಸಿದರೂ ದೇವರು ಒಪ್ಪುತ್ತಾನೆ, ಏನಾದರೂ ಹೆಚ್ಚು ಕಡಿಮೆ ಆದರೆ ಕಷ್ಟ ಎಂದರು. ಅವರು ಹೇಳಿದ್ದು ಸರಿಯೇ. ಆದರೆ ಪಾರ್ಶ್ವವಾಯು ಅಮ್ಮನ ಮಾತು ಕಿತ್ತುಕೊಂಡಿತ್ತೇ ಹೊರತು ಕಿವಿಯನ್ನಲ್ಲ. ನಾನು ಒಳಗೆ ಬರುವಷ್ಟರಲ್ಲಿ ಅವಳು ಮುಖವನ್ನು ಗೋಡೆಗೆ ತಿರುಗಿಸಿದ್ದಳು.

ಗ್ಲಾಸನ್ನು ಮನೆಯ ಪೀಠದ ಮೇಲೆ, ಯೇಸುವಿನ ತಾಯಿ ಮರಿಯಮ್ಮನವರ ಪಟದ ಕೆಳಗೆ ಇಟ್ಟು ಮೇಲೆ ಬಿಳಿ ಕರವಸ್ತ್ರ ಮುಚ್ಚಿದೆ. ಹೆಂಡತಿ ಶಾಲೆಯ ಟೀಚರ್, ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ. ಹಗಲು ಅಮ್ಮನನ್ನು ನೋಡಿಕೊಳ್ಳಲು ಎಸ್ಟೇಟಿನ ಕೂಲಿಯವರ ಲೈನಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಅಮ್ಮನನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಅವಳು ಗ್ಲಾಸನ್ನು ನೋಡಿ, "ಎಂತದು ರೈಟ್ರೆ, ತೀರ್ಥವಾ?" ಎಂದು ಕೇಳಿದಳು. ಹಾಗೇ ಅಂದ್ಕೋ ಎಂದೆ. ಅವಳು ಕೈಮುಗಿದು ಕಣ್ಣಿಗೊತ್ತಿಕೊಂಡು, ಆ ಕಡೆ ಕಸ ಗುಡಿಸುವಾಗ ಧೂಳೇಳದ ಹಾಗೆ ಗುಡಿಸಿದಳು.

ರೊಬಸ್ಟಾ ಕೊಯ್ಲು ಇನ್ನೂ ಮುಗಿದಿರಲಿಲ್ಲ. ನಾನು ತೋಟಕ್ಕೆ ಹೋಗಬೇಕಿತ್ತು. ಹೋದೆ. ಅರ್ಧ ಗಂಟೆಗೆ ವಾಪಸು ಬಂದು ಕರವಸ್ತ್ರ ಎತ್ತಿ ನೋಡಿದೆ. ಬಿಲ್ಲೆ ಹಾಗೇ ಇತ್ತು, ಸ್ವಲ್ಪ ಊದಿಕೊಂಡಿತ್ತು ಅಷ್ಟೆ. ಮತ್ತೆ ಹೋದೆ, ಮತ್ತೆ ಬಂದೆ. ಬೆಕ್ಕು ಬಾಯಿ ಹಾಕಿದರೆ? ಆ ಹೆಂಗಸು ತೀರ್ಥವೆಂದು ಕುಡಿದುಬಿಟ್ಟರೆ? ನಾಲ್ಕನೆಯ ಸಲ ಬಂದಾಗ ಧಣಿಗಳ ಫೋನು. "ಎಲ್ಲಿದ್ದೀಯ ಮಾರಾಯ, ಕಣದಲ್ಲಿ ಯಾರೂ ಇಲ್ವಲ್ಲ?"

"ಮನೇಲಿ ಒಂದು ಕರಗೋದು ಇದೆ ಸರ್, ಅದು ಆದ ಕೂಡ್ಲೇ ಬರ್ತೇನೆ," ಎಂದೆ. ಅವರಿಗೆ ಏನು ಅರ್ಥವಾಯಿತೋ, ಆಯ್ತು ಆಯ್ತು ಎಂದು ಇಟ್ಟರು.

ಸಂಜೆ ನಾಲ್ಕಕ್ಕೂ ಅದು ಕರಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಚಮಚ ತಂದು ಗ್ಲಾಸಿಗೆ ಇಳಿಸಿ ಇನ್ನೇನು ಕಲಕಬೇಕು, ಹಿಂದಿನಿಂದ ಧಬ್ ಧಬ್ ಎಂದು ಸದ್ದು. ಅಮ್ಮ ಎಡಗೈಯಲ್ಲಿ ಮಂಚದ ಹಲಗೆಗೆ ಹೊಡೆಯುತ್ತಿದ್ದಳು. ಗಂಟಲಿನಿಂದ ಬರುತ್ತಿದ್ದ ಸ್ವರಕ್ಕೆ ಮಾತಿರಲಿಲ್ಲ, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಮಗನಿಗೆ ಅರ್ಥವಾಗುತ್ತದೆ. ಐವತ್ತೆರಡು ವರ್ಷದವನು ಚಮಚ ಹಿಡಿದು ಕಳ್ಳನ ಹಾಗೆ ನಿಂತಿದ್ದೆ. ಕಾಪಿಗೆ ಸಕ್ಕರೆ ಕಲಕುವಂತೆ ದೇವರನ್ನು ಕಲಕಲು ಹೊರಟಿದ್ದೆನಲ್ಲ ಎಂದು ನನಗೇ ನಗು ಬಂತು. ನಗು ಬಂದ ಹಿಂದೆಯೇ ಹೆದರಿಕೆಯಾಯಿತು. ಅಮ್ಮನ ಕೋಪ ನಿಜವಾಗಿದ್ದರೆ ಆ ಗ್ಲಾಸಿನಲ್ಲಿ ಇರುವುದೂ ನಿಜವಾಗಿರಬೇಕು. ಇಷ್ಟು ವರ್ಷ ಹಲಸಿನ ಮರದಡಿ ನಿಂತು ನಾನು ಆ ಲೆಕ್ಕಕ್ಕೇ ಹೋಗಿರಲಿಲ್ಲ.

ಚಮಚವನ್ನು ಆ ನೀರಲ್ಲೇ ಅದ್ದಿ ತೆಗೆದು, ಬೇರೆ ಬಟ್ಟಲಲ್ಲಿ ತೊಳೆದು ಆ ನೀರನ್ನೂ ಎತ್ತಿಟ್ಟೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ. ಕಿಟಕಿಯಿಂದ ಇಳಿಬಿಸಿಲು ಬಂದು ಗ್ಲಾಸಿನ ಮೇಲೆ ಬಿದ್ದಿತ್ತು. ಬಿಲ್ಲೆಯ ಅಂಚು ಒಂದು ಕಡೆಯಿಂದ ಸಡಿಲವಾಗಿ, ಬಿಳಿಯಾದ ಒಂದು ಎಳೆ ಬಿಡಿಸಿಕೊಂಡು, ನೀರಿನಲ್ಲಿ ಬಹಳ ನಿಧಾನಕ್ಕೆ ಇಳಿಯಿತು. ಅದರ ಹಿಂದೆ ಇನ್ನೊಂದು. ಚೆಂದ ಎನ್ನಿಸಿತು. ಇಷ್ಟು ಮೆಲ್ಲಗೆ ಆಗುವ ಕೆಲಸವನ್ನು ನಾನು ಹುಟ್ಟಿದ ಮೇಲೆ ಪೂರ್ತಿ ನೋಡಿರಲಿಲ್ಲ. ಆದರೆ ಹತ್ತು ನಿಮಿಷದಲ್ಲಿ ಕಾಲು ತಾನೇ ಅಲ್ಲಾಡಲು ಶುರುವಾಯಿತು. ನಾನು ಎದ್ದು ಹೋದೆ.

ಮರುದಿನ ಬೆಳಿಗ್ಗೆ ನೋಡಿದರೆ ತೆಳ್ಳನೆಯ ಅಕ್ಕಿ ತೊಳೆದ ನೀರಿನಂತಾಗಿತ್ತು. ಯಾರೂ ತುಳಿಯದ ಗಿಡ ಹುಡುಕುತ್ತ ಗ್ಲಾಸು ಹಿಡಿದು ಮನೆಗೆ ಮೂರು ಸುತ್ತು ಹಾಕಿದೆ. ಕಾಪಿ ಗಿಡದ ಬುಡಕ್ಕೆ ಕೊಯ್ಲಿನವರು ಬರುತ್ತಾರೆ, ಹೂವಿನ ಗಿಡಕ್ಕೆ ಕೋಳಿಗಳು ಬರುತ್ತವೆ. ಕೊನೆಗೆ ಹಿಂದಿನ ದರೆಯ ಮೇಲೆ, ಯಾರೂ ಹತ್ತದ ಕಡೆ ಇದ್ದ ಸಿಲ್ವರ್ ಓಕಿನ ಬುಡಕ್ಕೆ ಅದನ್ನೂ ಚಮಚ ತೊಳೆದ ನೀರನ್ನೂ ಸುರಿದು ಬಂದೆ.

ಅಷ್ಟಕ್ಕೆ ಮುಗಿಯಬೇಕಿತ್ತು. ಅಮ್ಮ ಮುಗಿಸಲು ಬಿಡಲಿಲ್ಲ. ಗಂಜಿಗೆ ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದಳು. ಎರಡು ಚಮಚ, ಮೂರು ಚಮಚ, ಆಮೇಲೆ ತುಟಿ ಬಿಗಿ. ಹಟವಲ್ಲ, ಅವಳಿಗೆ ಬೇಡವಾಗಿತ್ತು. ತಿನ್ನಲೆಂದೇ ಅಷ್ಟು ದೂರ ನಡೆಯುತ್ತಿದ್ದವಳಿಗೆ, ಇನ್ನು ಮನಸ್ಸಿನಲ್ಲೇ ತಿನ್ನು ಎಂದು ಹೇಳಿದಂತಾಗಿತ್ತು. ನಾಲ್ಕನೆಯ ದಿನ ನಾನು ಡಾಕ್ಟರಿಗೆ ಫೋನು ಮಾಡಿ, ಪರಮಪ್ರಸಾದದ ಒಂದು ಚೂರಾದರೂ ಕೊಡಬಹುದೇ ಎಂದು ಕೇಳಿದೆ. ಅವರು, ಸಾಸಿವೆ ಕಾಳಿನಷ್ಟಾದರೆ ನೋಡಬಹುದು, ಆದರೆ ಅಭ್ಯಾಸ ಮಾಡಿಸದೆ ಬೇಡ ಎಂದರು. ನೇರ ಕೂರಿಸಬೇಕು, ನೀರನ್ನು ಗಟ್ಟಿ ಮಾಡುವ ಪುಡಿ ಹಾಕಿದ ನೀರಿನಲ್ಲಿ ನೆನೆಸಬೇಕು, ಗಲ್ಲವನ್ನು ಎದೆಗೆ ತಗ್ಗಿಸಿ ನುಂಗಿಸಬೇಕು, ಕೆಮ್ಮಿದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಬೇಕು.

ಪರಮಪ್ರಸಾದಕ್ಕೆ ಬಿಲ್ಲೆಗಳನ್ನು ಮಾಡುವುದು ಕನ್ಯಾಸ್ತ್ರೀಯರು. ದೊಡ್ಡ ಹಾಳೆ ಬೇಯಿಸಿ ದುಂಡಗೆ ಕತ್ತರಿಸಿದ ಮೇಲೆ ಅಂಚಿನ ಚೂರುಗಳು ಉಳಿಯುತ್ತವೆ. ಇನ್ನೂ ಪೂಜೆಗೆ ಹೋಗದ ಅದು ಬರೀ ಹಿಟ್ಟು. ಚಿಕ್ಕವರಿದ್ದಾಗ ಮಠದ ಬಾಗಿಲಲ್ಲಿ ಕೈಚಾಚಿ ಅದನ್ನು ಮುಷ್ಟಿಗಟ್ಟಲೆ ತಿಂದಿದ್ದೇವೆ. ಬಸ್ಸಿನಲ್ಲಿ ಮೂಡಿಗೆರೆಯ ಮಠಕ್ಕೆ ಹೋಗಿ ಒಂದು ಪೊಟ್ಟಣ ಚೂರು ಬೇಡಿ ತಂದೆ. ಈ ವಯಸ್ಸಿನಲ್ಲಿ ಯಾಕೆಂದು ಸಿಸ್ಟರ್ ಕೇಳಿದರು, ಹೇಳಿದೆ. ಅವರು ಇನ್ನೊಂದು ಪೊಟ್ಟಣ ಕೊಟ್ಟರು.

ಹೀಗೆ ಶುರುವಾಯಿತು. ಬೆಳಿಗ್ಗೆ ಹಾಜರಿಗೆ ಮೊದಲು ಒಂದು ಸಲ, ಸಂಜೆ ಒಂದು ಸಲ. ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ, ಚೂರನ್ನು ಉಗುರಿನಲ್ಲಿ ಸಾಸಿವೆಯಷ್ಟು ಮಾಡಿ, ಗಟ್ಟಿ ನೀರಿನಲ್ಲಿ ನೆನೆಸಿ, ಚಮಚದ ತುದಿಯಲ್ಲಿ ನಾಲಿಗೆ ಮೇಲೆ ಇಡುವುದು. ಗಲ್ಲ ತಗ್ಗಿಸುವುದು. ಆಮೇಲೆ ಅವಳ ಗಂಟಲ ಮೇಲೆ ಒಂದು ಬೆರಳಿಟ್ಟು ಕಾಯುವುದು. ಒಳಗಿನ ಎಲುಬು ಮೇಲೆ ಹೋಗಿ ಕೆಳಗಿಳಿದರೆ ನುಂಗಿದಳು ಎಂದು ಲೆಕ್ಕ. ಒಮ್ಮೊಮ್ಮೆ ಐದು ನಿಮಿಷವಾದರೂ ಅದು ಅಲುಗುತ್ತಿರಲಿಲ್ಲ. ಹೊರಗೆ ಮೇಸ್ತ್ರಿ ಕೂಗುತ್ತಿರುತ್ತಿದ್ದ. ನನಗೆ ಮೈಯೆಲ್ಲ ತುರಿಸಿದ ಹಾಗೆ. ಬೇಗ ನುಂಗಮ್ಮ ಎಂದು ಗದರುತ್ತಿದ್ದೆ, ಗದರಿದ್ದಕ್ಕೆ ಆಮೇಲೆ ದಿನವಿಡೀ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಅಮ್ಮನ ವಿಚಿತ್ರವೆಂದರೆ, ಪ್ರತಿ ಸಲವೂ ಎಡಗೈಯಲ್ಲಿ ಅಡ್ಡಾದಿಡ್ಡಿಯಾಗಿ ಶಿಲುಬೆಯ ಗುರುತು ಹಾಕಿಕೊಂಡೇ ಬಾಯಿ ತೆರೆಯುತ್ತಿದ್ದಳು.

"ಅಮ್ಮ, ಇದು ಬರೀ ಹಿಟ್ಟು. ಅಭ್ಯಾಸಕ್ಕೆ," ಎಂದೆ.

ಗೊತ್ತು ಎಂಬಂತೆ ತಲೆ ಆಡಿಸಿದಳು. ಮತ್ತೆ ಶಿಲುಬೆಯ ಗುರುತು ಹಾಕಿಕೊಂಡು ಬಾಯಿ ತೆರೆದಳು. ಅವಳಿಗೆ ಅಭ್ಯಾಸವೂ ಪ್ರಾರ್ಥನೆಯೂ ಬೇರೆ ಬೇರೆ ಆಗಿರಲಿಲ್ಲ. ನಾನು ವಾದಿಸುವುದು ಬಿಟ್ಟೆ. ಗಂಜಿಯನ್ನೂ ಅವಳು ಆಗ ಸರಿಯಾಗಿ ಕುಡಿಯತೊಡಗಿದಳು.

ಎರಡನೆಯ ವಾರದಲ್ಲಿ ಒಂದು ಸಂಜೆ ಚೂರು ತಪ್ಪು ದಾರಿ ಹಿಡಿಯಿತು. ಅಮ್ಮನ ಕಣ್ಣು ಹೊರಳಿ ತುಟಿ ನೀಲಿಯಾಯಿತು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, ಅಮ್ಮನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿದು ಬಡಿದು ಉಸಿರು ಬರಿಸಿದಳು. ಅವಳು ಹಾಸನದ ಕಡೆಯವಳು, ದನಿ ಏರಿಸುವವಳಲ್ಲ. ಆವತ್ತು ಏರಿಸಿದಳು.

"ನಿಮಗೇನ್ರೀ ಆಗಿದೆ? ಅವ್ರು ಉಳೀಬೇಕಾ ಬೇಡ್ವಾ? ಹನ್ನೊಂದು ವರ್ಷ ಒಳಗೆ ಕಾಲಿಡದೇ ಇದ್ದೋರಿಗೆ ಈಗ್ಯಾಕೆ ಇಷ್ಟು ಆತುರ?"

ಅಮ್ಮನನ್ನು ನಾನೇ ಕೊಂದುಬಿಡುತ್ತಿದ್ದೆ ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಪೊಟ್ಟಣವನ್ನು ಒಲೆಗೆ ಹಾಕಬೇಕೆಂದುಕೊಂಡೆ. ಎರಡು ದಿನ ನಿಲ್ಲಿಸಿದೆವು. ಮೂರನೆಯ ದಿನ ಬೆಳಿಗ್ಗೆ ನಾನು ಶೂ ಹಾಕುತ್ತಿರುವಾಗ ಮಂಚದ ಹಲಗೆ ಧಬ್ ಎಂದಿತು. ಅಮ್ಮ ಬಾಯಿ ತೆರೆದುಕೊಂಡು ನನ್ನ ಕಡೆ ನೋಡುತ್ತಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. "ಇನ್ನೂ ಚಿಕ್ಕದು ಮಾಡಿ," ಎಂದಳು. ತಾನೇ ದಿಂಬು ಸರಿಪಡಿಸಿದಳು.

ಮಾರ್ಚಿನ ಮೊದಲ ಶುಕ್ರವಾರ ಗುರುಗಳ ಬೈಕಿನ ಸದ್ದು ಕೇಳಿದಾಗ ಹತ್ತೂವರೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ತಪಸ್ಸುಕಾಲ, ಶುರುವಾಗಿತ್ತು. ಹೆಂಡತಿ ಶಾಲೆಗೆ ಹೋಗಿದ್ದಳು. ನಾನು ಎಲ್ಲ ವಿವರಿಸಿದೆ. ಡಾಕ್ಟರು ಹೇಳಿದ್ದು, ಚೂರು, ಪುಡಿ, ಗಲ್ಲ. ಗುರುಗಳಿಗೆ ಮನಸ್ಸಿರಲಿಲ್ಲ.

"ಹೋದ ಸಲದ್ದು ನನಗೆ ಇನ್ನೂ ಕಣ್ಣ ಮುಂದೆ ಇದೆ," ಎಂದರು.

"ನನಗೂ ಇದೆ ಫಾದರ್. ಒಂದೇ ಒಂದು ಸಲ."

ಅವರು ಅಮ್ಮನ ಮುಖ ನೋಡಿ ಮೇಜಿನ ಕಡೆ ತಿರುಗಿದರು. ಪ್ರಾರ್ಥನೆ ಮುಗಿಸಿ, ಪುಟ್ಟ ಡಬ್ಬಿಯಿಂದ ಬಿಲ್ಲೆ ತೆಗೆದು, ಅಂಚಿನಿಂದ ಸಾಸಿವೆಯಷ್ಟು ಮುರಿದು ಚಮಚದ ಗಟ್ಟಿ ನೀರಿಗೆ ಬಿಟ್ಟರು. ಕ್ರಿಸ್ತನ ಶರೀರ ಎಂದರು. ಅಮ್ಮನ ಗಂಟಲಿನಿಂದ ಆಮೆನ್ ಎಂಬುದರ ಮುರುಕು ಸ್ವರವೊಂದು ಬಂತು. ನಾನು ಗಲ್ಲ ತಗ್ಗಿಸಿ ಬೆರಳಿಟ್ಟೆ.

ಏನೂ ಅಲುಗಲಿಲ್ಲ. ಅಂಗಳದಲ್ಲಿ ಆ ಹೆಂಗಸು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕಿಟಕಿಯಿಂದ ನೋಡುತ್ತಿದ್ದಳು. ಗುರುಗಳ ತುಟಿ ಅಲ್ಲಾಡುತ್ತಿತ್ತು. ಅಮ್ಮನಿಗೆ ಉಸಿರು ಸಿಕ್ಕಿಕೊಂಡರೆ ಹಿಡಿದು ಬಗ್ಗಿಸಲು ನನ್ನ ಇನ್ನೊಂದು ಕೈ ಅವಳ ಬೆನ್ನ ಹಿಂದೆ ಸಿದ್ಧವಾಗಿತ್ತು. ನಾನು ಕೇಳಿಕೊಂಡೆ. ಯಾರನ್ನು ಎಂದು ಯೋಚಿಸಲಿಲ್ಲ, ಇಳಿಸಪ್ಪಾ ಎಂದು ಕೇಳಿಕೊಂಡೆ. ಬೆರಳ ಕೆಳಗೆ ಎಲುಬು ಮೇಲೇರಿತು, ಒಂದು ಕ್ಷಣ ನಿಂತಿತು, ಇಳಿಯಿತು. ಕೆಮ್ಮು ಬರಲಿಲ್ಲ. ಅಮ್ಮ ಬಾಯಿ ತೆರೆದು ಖಾಲಿ ನಾಲಿಗೆ ತೋರಿಸಿದಳು. ಆಮೇಲೆ ನಮ್ಮಿಬ್ಬರನ್ನೂ ಮರೆತು ಕಣ್ಣು ಮುಚ್ಚಿಕೊಂಡಳು.

ಗುರುಗಳ ಬೆರಳಲ್ಲಿ ಉಳಿದ ಬಿಲ್ಲೆ ಇತ್ತು. "ನೀವು?" ಎಂದು ನನ್ನ ಕಡೆ ನೋಡಿದರು.

"ನಾನು ಪಾಪನಿವೇದನೆ ಮಾಡಿ ಬಹಳ ವರ್ಷ ಆಯ್ತು ಫಾದರ್. ನೀವೇ ತಗೊಳ್ಳಿ."

ಅವರು ಒತ್ತಾಯಿಸಲಿಲ್ಲ. ತಾವೇ ಸ್ವೀಕರಿಸಿ, ಬೆರಳು ತೊಳೆದು, ಅಮ್ಮನ ಹಣೆಗೆ ಶಿಲುಬೆಯ ಗುರುತು ಹಾಕಿ ಹೊರಟರು. ಬೈಕು ತೋಟದ ರಸ್ತೆಗೆ ಇಳಿದ ಸದ್ದು ಕೇಳಿತು. ನಾನು ಮೇಜಿನ ಬಟ್ಟೆ ಮಡಿಸಲು ಹೋದವನು ಅಮ್ಮನ ಮುಖ ನೋಡಿ ನಿಂತೆ. ಒಂದು ಪಕ್ಕ ಜೋತುಬಿದ್ದ ಮುಖ, ಕಟಬಾಯಿಯಲ್ಲಿ ಒಂದಿಷ್ಟು ಜೊಲ್ಲು. ಅದರಲ್ಲಿ ಇದ್ದ ತೃಪ್ತಿಯನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ಉಸಿರು ನಿಂತರೂ ಸರಿ ಎಂದು ಇವಳು ಬಯಸಿದ ಹಾಗೆ ನಾನು ಏನನ್ನೂ ಬಯಸಿದ್ದಿಲ್ಲ. ಒಂದು ತಿಂಗಳು ನನ್ನ ಕೈಯಿಂದಲೇ ಇವಳಿಗೆ ತಿನ್ನಿಸಲು ಒದ್ದಾಡಿ, ತಿನ್ನುವ ಹೊತ್ತಿಗೆ ನಾನು ಬೇಡ ಎಂದಿದ್ದೆ. ನನಗೆ ಹಸಿವಾಗುತ್ತಿತ್ತು. ಬೇರೆ ಯಾವ ಮಾತೂ ಅದಕ್ಕೆ ಹೊಂದುವುದಿಲ್ಲ.

"ದೊಡ್ಡಮ್ಮನ್ನ ಒಂಚೂರು ನೋಡ್ಕೋ, ಮಲಗಿಸ್ಬೇಡ," ಎಂದು ಆ ಹೆಂಗಸಿಗೆ ಕೂಗಿ ಹೇಳಿ ಓಡಿದೆ. ರಸ್ತೆ ಗುಡ್ಡ ಬಳಸಿ ಹೋಗುತ್ತದೆ. ಕಾಪಿ ಸಾಲಿನ ನಡುವೆ ನೇರ ಇಳಿದರೆ ಗೇಟಿನ ಹತ್ತಿರ ಬೈಕಿಗಿಂತ ಮೊದಲು ತಲುಪಬಹುದು. ಹವಾಯಿ ಚಪ್ಪಲಿಯ ಪಟ್ಟಿ ಅರ್ಧದಲ್ಲೇ ಕಿತ್ತಿತು. ಇನ್ನೊಂದನ್ನೂ ಅಲ್ಲೇ ಬಿಟ್ಟೆ. ಕೊಯ್ಲಿನ ಹೆಂಗಸರು ಬುಟ್ಟಿ ಕೆಳಗಿಟ್ಟು, "ರೈಟ್ರೆ, ದೊಡ್ಡಮ್ಮಂಗೆ ಎಂತಾತು?" ಎಂದು ಗಾಬರಿಯಲ್ಲಿ ಕೇಳಿದರು.

"ಎಂತ ಇಲ್ಲ, ಅವಳು ಆರಾಮಿದ್ದಾಳೆ," ಎಂದೆ.

ಗೇಟಿನ ಮುಂದೆ ರಸ್ತೆ ಮಧ್ಯೆ ಕೈ ಅಡ್ಡ ಹಿಡಿದು ನಿಂತೆ. ಗುರುಗಳು ಗಡಬಡಿಸಿ ಬ್ರೇಕ್ ಹಾಕಿದರು. ಅವರ ಮುಖ ಹೋದ ತಿಂಗಳಿನ ಹಾಗೇ ಬಿಳಿಚಿತು.

"ಅಮ್ಮನಿಗೇನಾಯ್ತು?"

ನನಗೆ ಏದುಸಿರು. ತಲೆ ಅಡ್ಡ ಆಡಿಸಿದೆ. ಅಂಗಾಲಿಗೆ ಏನೋ ಚುಚ್ಚಿ ರಕ್ತ ಬರುತ್ತಿತ್ತು. ಹೆಂಗಸರು ಮೇಲಿನ ಸಾಲಿನಿಂದ ಬಗ್ಗಿ ನೋಡುತ್ತಿದ್ದರು.

"ಅಮ್ಮನಿಗೆ ಕೊಟ್ರಲ್ಲ ಫಾದರ್," ಎಂದೆ. "ಅದು ನನಗೂ ಬೇಕು."

ಅವರು ಬೈಕು ಆಫ್ ಮಾಡಿ, ಹೆಲ್ಮೆಟ್ ತೆಗೆದು, ಇಲ್ಲೊಂದು ಪಾಪನಿವೇದನೆ ಇದೆ, ಬರುವುದು ತಡವಾಗುತ್ತದೆ ಎಂದು ಮುಂದಿನ ಮನೆಗೆ ಫೋನು ಮಾಡಿ ಹೇಳಿದರು.